ಮಸಾಲೆ ಸರಿಸಿ ಬಿಯರ್ ಹುಡುಕುವುದು: ಪಂಪ್ಕಿನ್ ಏಲ್ ರುಚಿ ನೋಡುವ ಕ್ರಮ

ಅಮೆರಿಕದ ಬಿಯರ್ ಅಂಗಡಿಗಳಲ್ಲಿ ಆಗಸ್ಟ್ ಹೊತ್ತಿಗೇ ಕಪಾಟು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಮರದ ಎಲೆ ಇನ್ನೂ ಹಸಿರು, ಹೊರಗೆ ಬಿಸಿಲು, ಒಳಗೆ ಮಾತ್ರ ಶರತ್ಕಾಲದ ಪಂಪ್ಕಿನ್ ಏಲ್, ಅಂದರೆ ಕುಂಬಳಕಾಯಿ ಬಿಯರ್. ಅದನ್ನು ಕುಡಿದವರು ಸಾಮಾನ್ಯವಾಗಿ ಹೇಳುವ ಮಾತು: "ಕುಂಬಳಕಾಯಿ ರುಚಿ ಚೆನ್ನಾಗಿ ಬಂದಿದೆ." ಅವರ ನಾಲಿಗೆಗೆ ಸಿಕ್ಕಿದ್ದು ಬಹುಮಟ್ಟಿಗೆ ಕುಂಬಳವಲ್ಲ. ಚಕ್ಕೆ, ಲವಂಗ, ಜಾಯಿಕಾಯಿ, ಶುಂಠಿ, ಆಲ್‌ಸ್ಪೈಸ್ (ಮೆಣಸಿನಂಥ ಒಣಗಿದ ಕಾಯಿ) ಸೇರಿದ, ಕುಂಬಳದ ಪೈ ಎಂಬ ಸಿಹಿ ತಿಂಡಿಗೆ ಹಾಕುವ ಮಸಾಲೆ ಅದು. ಈ ಬಿಯರ್ ರುಚಿ ನೋಡುವಾಗ ನಿಮ್ಮ ಮುಂದಿರುವ ನಿಜವಾದ ಪ್ರಶ್ನೆ ಒಂದೇ. ಮಸಾಲೆಯನ್ನು ಪಕ್ಕಕ್ಕೆ ಸರಿಸಿದರೆ ಕೆಳಗೆ ಒಂದು ಒಳ್ಳೆಯ ಬಿಯರ್ ಉಳಿಯುತ್ತದೆಯೇ? ಉಳಿದರೆ ಅದು ಏಲ್. ಉಳಿಯದಿದ್ದರೆ ಗುಳ್ಳೆ ಬರುವ ಮಸಾಲೆ ನೀರು.

ಕುಂಬಳ ಎಲ್ಲಿ ಹೋಯಿತು

ಇದನ್ನು ಮೊದಲು ತಿಳಿದುಕೊಳ್ಳದಿದ್ದರೆ ಇಲ್ಲದ ರುಚಿಯನ್ನು ಹುಡುಕುತ್ತ ಕೂರಬೇಕಾಗುತ್ತದೆ. ವಸಾಹತು ಕಾಲದ ಅಮೆರಿಕದಲ್ಲಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಧಾನ್ಯ) ದುಬಾರಿ, ಕುಂಬಳ ಧಾರಾಳ. ಹಾಗಾಗಿ ಮಾಲ್ಟ್ ಬದಲಿಗೆ ಕುಂಬಳವನ್ನೇ ಜಜ್ಜಿ, ಹಿಂಡಿ, ರಸ ಕುದಿಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಹುದುಗಿಸುತ್ತಿದ್ದರು. 1771ರದ್ದೊಂದು ಪಾಕವಿಧಾನ ಇದನ್ನೇ ಹೇಳುತ್ತದೆ. ಅದು ರುಚಿಗಾಗಿ ಮಾಡಿದ್ದಲ್ಲ, ಸಕ್ಕರೆ ಅಂಶಕ್ಕಾಗಿ ಮಾಡಿದ್ದು. ಮಾಲ್ಟ್ ಅಗ್ಗವಾದ ಮೇಲೆ ಕುಂಬಳ ಮೂಲೆ ಸೇರಿತು.

ಈಗಿನ ರೂಪ ಬಂದದ್ದು 1980ರ ದಶಕದ ನಡುವೆ, ಕ್ಯಾಲಿಫೋರ್ನಿಯಾದ ಹೇವರ್ಡ್‌ನ ಬಫಲೋ ಬಿಲ್ಸ್ ಬ್ರೂವರಿಯಲ್ಲಿ. ಅಲ್ಲಿನ ಬಿಲ್ ಓವೆನ್ಸ್ ಕುಂಬಳ ಹಾಕಿ ಬಿಯರ್ ಮಾಡಿ ನೋಡಿದರೆ ಕುಂಬಳದ ರುಚಿಯೇ ಇಲ್ಲ. ಕೊನೆಗೆ ಅಂಗಡಿಯಲ್ಲಿ ಸಿಗುವ ಪಂಪ್ಕಿನ್ ಪೈ ಮಸಾಲೆಯ ಕಷಾಯ ಇಳಿಸಿ ಬಿಯರಿಗೆ ಸೇರಿಸಿದರು. ಅಂದಿನಿಂದ ಇಂದಿನವರೆಗೆ ಈ ಬಗೆಯ ಬಿಯರಿನ ಗುಟ್ಟು ಅದೇ. ಮೆಕಾರ್ಮಿಕ್ ಕಂಪನಿ ಆ ಮಸಾಲೆಯನ್ನು ಡಬ್ಬಿಯಲ್ಲಿ ಮಾರಲು ಶುರು ಮಾಡಿದ್ದು 1934ರಲ್ಲಿ. ಅಂದರೆ ಈ ವಾಸನೆಗೂ ಕುಂಬಳಕ್ಕೂ ಅಮೆರಿಕನ್ನರ ಮೂಗಿನಲ್ಲಿ ಗಂಟು ಬಿದ್ದು ಬಹಳ ಕಾಲವಾಗಿದೆ. ಚಕ್ಕೆ ಲವಂಗ ಮೂಸಿದರೆ ಸಾಕು, ಮಿದುಳು ಕುಂಬಳವನ್ನು ತಾನೇ ಸೇರಿಸಿಕೊಳ್ಳುತ್ತದೆ.

ಕುಂಬಳದ ರುಚಿ ಮಾಯವಾಗುವುದಕ್ಕೆ ಕಾರಣ ಸರಳ. ಅದರಲ್ಲಿರುವುದು ಮುಖ್ಯವಾಗಿ ನೀರು, ಜೊತೆಗೆ ಒಂದಿಷ್ಟು ಪಿಷ್ಟ ಮತ್ತು ಸಕ್ಕರೆ. ಮ್ಯಾಶ್‌ಗೆ, ಅಂದರೆ ಬಿಸಿನೀರಲ್ಲಿ ನೆನೆಸಿದ ಮಾಲ್ಟಿಗೆ, ಹಾಕಿದಾಗ ಮಾಲ್ಟಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ, ಯೀಸ್ಟ್ ಆ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಉಳಿಯುವುದು ಸ್ವಲ್ಪ ಮಣ್ಣಿನ ಛಾಯೆ, ಬಾಯಿಗೆ ತುಸು ನುಣುಪು, ಅಷ್ಟೇ. ಕುಂಬಳವನ್ನು ಮೊದಲು ಒಲೆಯಲ್ಲಿ ಕಂದು ಬಣ್ಣ ಬರುವ ತನಕ ಸುಟ್ಟಿದ್ದರೆ ಕ್ಯಾರಮೆಲ್‌ನ ಎಳೆ ಒಂದು ಸಿಗಬಹುದು. ಇನ್ನೊಂದು ಸಂಗತಿ: ಆಗಸ್ಟಿನಲ್ಲಿ ಮಾರಾಟಕ್ಕೆ ಬರುವ ಬಿಯರ್ ಬೇಸಿಗೆಯಲ್ಲೇ ತಯಾರಾಗಿರುತ್ತದೆ, ಹೊಸ ಕುಂಬಳ ಕೊಯ್ಲಿಗೆ ಬರುವುದು ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ. ಅದಕ್ಕೇ ಬಹಳಷ್ಟು ಬ್ರೂವರಿಗಳು ಡಬ್ಬಿಯ ತಿರುಳನ್ನೇ ನೆಚ್ಚುತ್ತವೆ. ಡಬ್ಬಿಯೊಳಗೆ ಇರುವುದೂ ಹ್ಯಾಲೋವೀನ್‌ಗೆ ಕೆತ್ತುವ ಕಿತ್ತಳೆ ಕಾಯಿಯಲ್ಲ. ಡಿಕಿನ್ಸನ್ ಎಂಬ ತಿಳಿಕಂದು ಸಿಪ್ಪೆಯ, ಗಟ್ಟಿ ತಿರುಳಿನ ತಳಿ, ಹೆಚ್ಚಾಗಿ ಇಲಿನಾಯ್ ರಾಜ್ಯದ ಮಾರ್ಟನ್ ಊರಿನ ಸುತ್ತ ಬೆಳೆಯುವಂಥದ್ದು. ಕೆತ್ತುವ ಕಾಯಿ ನಾರು ನಾರು, ನೀರು ನೀರು. ಅದರಿಂದ ಬಿಯರಿಗೆ ಬರುವುದು ಏನೂ ಇಲ್ಲ.

ಕೊಳ್ಳುವಾಗ

ಲೇಬಲ್‌ನ ಚಿತ್ರ ಬಿಟ್ಟು ಮೂರು ವಿಷಯ ಓದಿ: ಮೂಲ ಬಿಯರ್ ಯಾವುದು, ಎಬಿವಿ (ಆಲ್ಕೋಹಾಲಿನ ಶೇಕಡಾ ಪ್ರಮಾಣ) ಎಷ್ಟು, ತುಂಬಿಸಿದ ದಿನ ಯಾವುದು.

ಪಂಪ್ಕಿನ್ ಬಿಯರ್ ಎನ್ನುವುದು ಒಂದೇ ಬಗೆಯಲ್ಲ, ಯಾವುದಾದರೂ ಬಿಯರಿನ ಮೇಲೆ ಹೊದಿಸಿದ ಹೊದಿಕೆ. ಮೇಯ್ನ್‌ನ ಶಿಪ್‌ಯಾರ್ಡ್ ಪಂಪ್ಕಿನ್‌ಹೆಡ್ ಶೇ 5ಕ್ಕಿಂತ ಕಡಿಮೆ ಆಲ್ಕೋಹಾಲ್‌ನ ಹಗುರ ಗೋಧಿ ಏಲ್. ಡೆಲವೇರ್‌ನ ಡಾಗ್‌ಫಿಶ್ ಹೆಡ್ ಪಂಕಿನ್ ಏಲ್ ಶೇ 7ರ ಕಂದು ಏಲ್. 1994ರಲ್ಲಿ, ಬ್ರೂವರಿ ಬಾಗಿಲು ತೆರೆಯುವ ಮೊದಲೇ, ಪಂಕಿನ್ ಚಂಕಿನ್ ಎಂಬ ಕುಂಬಳ ಎಸೆಯುವ ಜಾತ್ರೆಯ ಅಡುಗೆ ಸ್ಪರ್ಧೆಯಲ್ಲಿ ಗೆದ್ದ ಪಾಕ ಅದು. ನ್ಯೂಯಾರ್ಕ್ ರಾಜ್ಯದ ಸದರ್ನ್ ಟಿಯರ್‌ನವರ ಪಂಪ್ಕಿಂಗ್ ಶೇ 8.6, ಸೇಂಟ್ ಲೂಯಿಸ್‌ನ ಶ್ಲಾಫ್ಲಿ ಶೇ 8, ಪೆನ್ಸಿಲ್ವೇನಿಯಾದ ವೆಯರ್‌ಬಾಕರ್ ಇಂಪೀರಿಯಲ್ ಕೂಡ ಶೇ 8. ವೆಯರ್‌ಬಾಕರ್‌ನಲ್ಲಿ ಏಲಕ್ಕಿಯೂ ಇದೆ, ಗಮನವಿಟ್ಟರೆ ಸಿಗುತ್ತದೆ. ಸಿಯಾಟಲ್‌ನ ಎಲೀಸಿಯನ್ 2005ರಿಂದ ಪಂಪ್ಕಿನ್ ಬಿಯರಿನದ್ದೇ ಹಬ್ಬ ನಡೆಸಿಕೊಂಡು ಬಂದ ಬ್ರೂವರಿ. ದೈತ್ಯ ಕುಂಬಳದ ಒಳಗನ್ನು ತೋಡಿ, ಬಿಯರ್ ತುಂಬಿಸಿ, ನಲ್ಲಿ ಹೊಡೆದು ಸುರಿಯುವುದು ಅಲ್ಲಿನ ವಿಶೇಷ. ನೋಡಲು ಚೆಂದ. ಮೇಲೆ ಹೇಳಿದ ಕಾರಣಕ್ಕೆ ರುಚಿಗೆ ಅದರಿಂದ ದೊಡ್ಡ ಲಾಭವಿಲ್ಲ.

ದಿನಾಂಕದ ವಿಷಯದಲ್ಲಿ ಸಡಿಲ ಬಿಡಬೇಡಿ. ಮಸಾಲೆಯ ಘಮ ಹಾರಿ ಹೋಗುವ ಎಣ್ಣೆಗಳಲ್ಲಿದೆ, ಮೂರು ನಾಲ್ಕು ತಿಂಗಳಲ್ಲಿ ಅದು ಸಪ್ಪಗಾಗತೊಡಗುತ್ತದೆ. ಡಬ್ಬಿಯ ತಳದಲ್ಲಿ ತುಂಬಿಸಿದ ದಿನ ನೇರವಾಗಿ ಇದ್ದರೆ ಒಳ್ಳೆಯದು. ಕೆಲವರು ವರ್ಷದ ಎಷ್ಟನೇ ದಿನ ಎಂದಷ್ಟೇ ಒತ್ತುತ್ತಾರೆ: 215 ಎಂದಿದ್ದರೆ ಆಗಸ್ಟ್ 3. "ಇಷ್ಟರೊಳಗೆ ಕುಡಿಯಿರಿ" ಎಂಬ ದಿನಾಂಕ ಮಾತ್ರ ಇದ್ದರೆ ಅದರಿಂದ ತಯಾರಿಕೆ ದಿನ ತಿಳಿಯದು. ಒಬ್ಬರು ನಾಲ್ಕು ತಿಂಗಳು ಕೊಟ್ಟಿರುತ್ತಾರೆ, ಇನ್ನೊಬ್ಬರು ಆರು. ಡಿಸೆಂಬರಿನಲ್ಲಿ ಅರ್ಧ ಬೆಲೆಗೆ ಸಿಗುವ ಪೆಟ್ಟಿಗೆಗಳನ್ನು ರುಚಿ ನೋಡುವುದಕ್ಕೆಂದು ಕೊಳ್ಳುವುದು ಬೇಡ. ಕಿಟಕಿಯ ಬಿಸಿಲಿಗೆ ನಿಂತ ಬಾಟಲಿಯನ್ನೂ ಮುಟ್ಟಬೇಡಿ. ಹಸಿರು ಅಥವಾ ಬಿಳಿ ಗಾಜಿನದ್ದಾದರೆ ಮೊದಲೇ ಬೇಡ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಸ್ಕಂಕ್ ಪ್ರಾಣಿಯ ನಾತ ಬರುತ್ತದೆ, ಯಾವ ಚಕ್ಕೆಯೂ ಅದನ್ನು ಮುಚ್ಚುವುದಿಲ್ಲ.

ಒಂದು ಸಲಕ್ಕೆ ನಾಲ್ಕು ಬಿಯರ್ ಸಾಕು. ಅದರಲ್ಲಿ ಒಂದು ಮಸಾಲೆ ಇಲ್ಲದ ಮಾಮೂಲಿ ಆಂಬರ್ (ತಾಮ್ರ ಬಣ್ಣದ) ಏಲ್ ಆಗಿರಲಿ. ಈ ಸಾದಾ ಬಿಯರೇ ನಿಮ್ಮ ಅಳತೆಗೋಲು. ಇದಿಲ್ಲದೆ ಮಾಲ್ಟಿನ ಸಿಹಿ ಯಾವುದು, ಮಸಾಲೆ ಹುಟ್ಟಿಸಿದ ಸಿಹಿಯ ಭ್ರಮೆ ಯಾವುದು ಗೊತ್ತಾಗುವುದಿಲ್ಲ. ತಲಾ 100 ಮಿ.ಲೀ. ಲೆಕ್ಕ ಹಾಕಿದರೆ 355 ಮಿ.ಲೀ.ಯ ಒಂದು ಡಬ್ಬಿ ಮೂವರಿಗೆ ಬರುತ್ತದೆ. ಶೇ 8ರ ನಾಲ್ಕು ಬಿಯರನ್ನು ಹೀಗೆ ಕುಡಿದರೆ ಒಬ್ಬರ ಹೊಟ್ಟೆಗೆ ಸುಮಾರು 25 ಗ್ರಾಂ ಶುದ್ಧ ಆಲ್ಕೋಹಾಲ್ ಹೋಗುತ್ತದೆ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ 14 ಗ್ರಾಂ, ಅಂದರೆ ಇದು ಎರಡರ ಹತ್ತಿರ. "ರುಚಿ ನೋಡಿದ್ದಷ್ಟೇ" ಎಂದು ಕಾರು ಹತ್ತುವ ಲೆಕ್ಕವಲ್ಲ ಇದು. ಅಲ್ಲಿ ಕೊಳ್ಳಲು 21 ವರ್ಷ ತುಂಬಿರಬೇಕು ಎನ್ನುವುದು ಬೇರೆ ಹೇಳಬೇಕಿಲ್ಲ.

ಲೋಟ, ತಂಪು, ಕೋಣೆ

ಬಾಯಿ ಕಿರಿದಾದ ಟುಲಿಪ್ ಅಥವಾ ಸ್ನಿಫ್ಟರ್ ಲೋಟ ಒಳ್ಳೆಯದು, ಘಮ ಒಳಗೇ ನಿಲ್ಲುತ್ತದೆ. ಅದಿಲ್ಲವೆಂದರೆ ವೈನ್ ಲೋಟ ನಡೆಯುತ್ತದೆ. ನೇರ ಗೋಡೆಯ ಪಿಂಟ್ ಲೋಟ ಈ ಕೆಲಸಕ್ಕೆ ಕೆಟ್ಟ ಆಯ್ಕೆ. ಫ್ರೀಜರ್‌ನಲ್ಲಿಟ್ಟು ಹಿಮ ಕಟ್ಟಿಸಿದ ಮಗ್ಗು ಅದಕ್ಕಿಂತ ಕೆಟ್ಟದ್ದು.

ಲೋಟ ಶುಚಿಯಾಗಿದೆಯೇ ಎಂದು ತಿಳಿಯಲು ಒಳಗೋಡೆಯನ್ನು ನೀರಿನಿಂದ ಒದ್ದೆ ಮಾಡಿ ಉಪ್ಪು ಉದುರಿಸಿ. ಉಪ್ಪು ಎಲ್ಲೆಡೆ ಸಮನಾಗಿ ಅಂಟಿದರೆ ಶುಚಿ. ಅಲ್ಲಲ್ಲಿ ಬೋಳು ಬಿಟ್ಟರೆ ಜಿಡ್ಡಿದೆ ಎಂದರ್ಥ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ, ನೀವು ಬಿಯರಿಗೆ ಬೈಯುತ್ತೀರಿ. ಪರೀಕ್ಷೆಯಾದ ಮೇಲೆ ತೊಳೆದು ಗಾಳಿಗೆ ಒಣಗಿಸಿ, ಬಟ್ಟೆಯಲ್ಲಿ ಒರೆಸಬೇಡಿ.

ತಂಪಿನ ಅಳತೆ: ಹಗುರ ಏಲ್‌ಗಳಿಗೆ 7ರಿಂದ 9 ಡಿಗ್ರಿ ಸೆಲ್ಸಿಯಸ್, ಶೇ 7 ದಾಟಿದವಕ್ಕೆ 10ರಿಂದ 13. ಫ್ರಿಜ್‌ನಿಂದ ನೇರ ಬಂದ 4 ಡಿಗ್ರಿಯ ಬಿಯರಿನಲ್ಲಿ ಗ್ಯಾಸಿನ ಚುರುಕು, ಕಹಿ ಮಾತ್ರ ಮುಂದೆ ಬರುತ್ತವೆ. ಸಿಹಿ ಕುಗ್ಗುತ್ತದೆ, ಮಸಾಲೆಯಲ್ಲಿ ಚಕ್ಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೊರಗೆ ತೆಗೆದು 15-20 ನಿಮಿಷ ಬಿಡಿ. ಅಡುಗೆಯ ಥರ್ಮಾಮೀಟರ್ ಇದ್ದರೆ ಅದ್ದಿ ನೋಡಿ, ಊಹೆ ಬೇಡ.

ಕೋಣೆಯಲ್ಲಿ ಸೆಂಟು, ಕಾಫಿ, ಹುರಿದ ಈರುಳ್ಳಿ ಇರಕೂಡದು. ಮುಖ್ಯವಾಗಿ ಪಂಪ್ಕಿನ್ ಮಸಾಲೆಯ ವಾಸನೆ ಬರುವ ಮೇಣದಬತ್ತಿಯನ್ನು ಆರಿಸಿ. ಅಮೆರಿಕದಲ್ಲಿ ಶರತ್ಕಾಲ ಬಂದರೆ ಮನೆಮನೆಯಲ್ಲಿ ಅದು ಉರಿಯುತ್ತಿರುತ್ತದೆ, ಅದರ ಮುಂದೆ ಯಾವ ಬಿಯರೂ ಸಪ್ಪೆ. ಅದೇ ದಿನ ಪಂಪ್ಕಿನ್ ಸ್ಪೈಸ್ ಲ್ಯಾಟೆ ಕುಡಿದು ಬಂದವರನ್ನು ಒಂದೆರಡು ಗಂಟೆ ಕಾಯಿಸುವುದೂ ಒಳ್ಳೆಯದೇ.

ಮೊದಲು ಮಸಾಲೆಗಳನ್ನು ಬಿಡಿಬಿಡಿಯಾಗಿ ಕಲಿಯಿರಿ

ಇದು ಒಮ್ಮೆ ಮಾಡಿದರೆ ಸಾಕಾಗುವ ಕೆಲಸ, ಆದರೆ ಉಳಿದೆಲ್ಲದಕ್ಕಿಂತ ಹೆಚ್ಚು ಪ್ರಯೋಜನ ಕೊಡುತ್ತದೆ. ಐದು ಪುಟ್ಟ ಗಾಜಿನ ಶೀಶೆ ತೆಗೆದುಕೊಂಡು ಒಂದೊಂದಕ್ಕೂ 50 ಮಿ.ಲೀ. ವೋಡ್ಕಾ ಹಾಕಿ. ಒಂದರಲ್ಲಿ ಮುರಿದ ಚಕ್ಕೆ 5 ಗ್ರಾಂ, ಒಂದರಲ್ಲಿ ಒಣಶುಂಠಿ ಚೂರು 5 ಗ್ರಾಂ, ಒಂದರಲ್ಲಿ ಆಗಷ್ಟೇ ತುರಿದ ಜಾಯಿಕಾಯಿ 2 ಗ್ರಾಂ, ಒಂದರಲ್ಲಿ ಜಜ್ಜಿದ ಆಲ್‌ಸ್ಪೈಸ್ 2 ಗ್ರಾಂ, ಒಂದರಲ್ಲಿ ಲವಂಗ 1 ಗ್ರಾಂ, ಅಂದರೆ ಹತ್ತು ಹನ್ನೆರಡು ಮೊಗ್ಗು. ಲವಂಗವನ್ನು ಒಂದು ದಿನಕ್ಕೆ ಸೋಸಿ ತೆಗೆಯಿರಿ, ಉಳಿದವು ಮೂರು ದಿನ ಇರಲಿ. ಬಹಳಷ್ಟು ಬ್ರೂವರ್‌ಗಳು ಹುದುಗು ಮುಗಿದ ಬಿಯರಿಗೆ ಮಸಾಲೆ ಸೇರಿಸುವುದೂ ಇದೇ ದಾರಿಯಲ್ಲಿ. ಹನಿ ಹನಿಯಾಗಿ ಹಾಕಿ ರುಚಿ ನೋಡಿ ನಿಲ್ಲಿಸಬಹುದು. ಕುದಿಯುವ ವರ್ಟ್‌ಗೆ (ಹುದುಗುವ ಮೊದಲಿನ ಮಾಲ್ಟ್ ರಸಕ್ಕೆ) ಹಾಕಿದರೆ ಹೆಚ್ಚಾದದ್ದನ್ನು ತೆಗೆಯಲು ಬರುವುದಿಲ್ಲ.

ಈಗ ಸಾದಾ ಆಂಬರ್ ಏಲ್ 100 ಮಿ.ಲೀ. ಸುರಿದು ಚಕ್ಕೆಯ ಅರ್ಕ ಐದು ಹನಿ ಬಿಡಿ, ಮೂಸಿ, ಒಂದು ಗುಟುಕು ಕುಡಿಯಿರಿ. ಇನ್ನೈದು ಹನಿ. ಎಷ್ಟನೇ ಹನಿಗೆ "ಏನೋ ಇದೆ" ಅನ್ನಿಸಿತು, ಎಷ್ಟನೇ ಹನಿಗೆ "ಬಿಯರೇ ಕಾಣುತ್ತಿಲ್ಲ" ಅನ್ನಿಸಿತು ಬರೆದಿಡಿ. ಬೇರೆ ಬೇರೆ ಲೋಟದಲ್ಲಿ ಐದಕ್ಕೂ ಹೀಗೆ ಮಾಡಿ. ಲವಂಗದಲ್ಲಿ ಈ ಎರಡು ಗಡಿಗಳ ನಡುವೆ ಅಂತರ ಎಷ್ಟು ಕಡಿಮೆ ಎಂದು ನೋಡಿದರೆ, ಪಂಪ್ಕಿನ್ ಏಲ್‌ಗಳು ಯಾಕೆ ಹೆಚ್ಚಾಗಿ ಲವಂಗದಲ್ಲೇ ಎಡವುತ್ತವೆ ಎಂದು ಅರ್ಥವಾಗುತ್ತದೆ. ಅವಸರಕ್ಕೆ ಪುಡಿಯನ್ನು ನೇರವಾಗಿ ಲೋಟಕ್ಕೆ ಉದುರಿಸಬೇಡಿ. ಪುಡಿಯ ಒಂದೊಂದು ಕಣವೂ ಗ್ಯಾಸಿಗೆ ಗುಳ್ಳೆ ಕಟ್ಟುವ ಜಾಗ, ಬಿಯರ್ ಉಕ್ಕಿ ಮೇಜಿನ ಮೇಲೆ ಹರಿಯುತ್ತದೆ.

ಕಲಿಯುವಾಗ ಇವನ್ನು ಗುರುತಿಟ್ಟುಕೊಳ್ಳಿ. ಚಕ್ಕೆ ಮೂಗಿಗೆ ಮೊದಲು ಬರುತ್ತದೆ, ಸಕ್ಕರೆಯಿಲ್ಲದಿದ್ದರೂ ಸಿಹಿಯಿದ್ದಂತೆ ಭ್ರಮೆ ಹುಟ್ಟಿಸುತ್ತದೆ. ಲವಂಗದ ಯೂಜೆನಾಲ್ ಎಂಬ ಎಣ್ಣೆ ಅಂಶ ನಾಲಿಗೆಯ ತುದಿಯನ್ನು ತುಸು ಮರಗಟ್ಟಿಸುತ್ತದೆ. ಆಲ್‌ಸ್ಪೈಸ್‌ನಲ್ಲೂ ಅದೇ ಯೂಜೆನಾಲ್ ಇರುವುದರಿಂದ ಎರಡೂ ಮೊದಮೊದಲು ಒಂದೇ ಅನ್ನಿಸುತ್ತವೆ, ಆಲ್‌ಸ್ಪೈಸ್‌ಗೆ ಮೆಣಸಿನ ಎಳೆ ಜಾಸ್ತಿ. ಜಾಯಿಕಾಯಿ ಮರದ ಹೊಟ್ಟಿನಂತೆ, ಪೈನ್ ಮರದಂತೆ, ನುಂಗಿದ ಮೇಲೆ ಸಣ್ಣ ಕಹಿ. ಶುಂಠಿಗೆ ಮೂಗಿಗಿಂತ ನಾಲಿಗೆ, ತುಟಿಯೇ ಸಾಕ್ಷಿ, ಅದು ತಡವಾಗಿ ಬರುತ್ತದೆ.

ಸುರಿದು, ಮೂಸಿ, ಕುಡಿಯುವುದು

ಹಗುರದ್ದು ಮೊದಲು, ಬಲದ್ದು ಆಮೇಲೆ. ಸ್ಟೌಟ್ (ಕಪ್ಪು ಬಿಯರ್), ಹುಳಿ ಬಿಯರ್, ವಿಸ್ಕಿ ಪೀಪಾಯಿಯಲ್ಲಿ ಇಟ್ಟದ್ದು ಇದ್ದರೆ ಕೊನೆಗೆ. ಎಲ್ಲಕ್ಕಿಂತ ಮೊದಲು ಸಾದಾ ಆಂಬರ್.

ಲೋಟವನ್ನು 45 ಡಿಗ್ರಿ ಓರೆ ಹಿಡಿದು ಅರ್ಧ ಸುರಿಯಿರಿ, ಆಮೇಲೆ ನೆಟ್ಟಗೆ ಹಿಡಿದು ನಡುವಿಗೇ ಬೀಳಿಸಿ. ಎರಡು ಬೆರಳಿನಷ್ಟು ನೊರೆ ಬರಲಿ. ಡಬ್ಬಿಯ ಕೊನೆಯ ಗುಟುಕನ್ನು ಸುರಿಯಬೇಡಿ, ತಳದಲ್ಲಿ ಯೀಸ್ಟ್ ಜೊತೆ ಮಸಾಲೆಯ ಗಸಿ ಕೂತಿರಬಹುದು, ಅದು ಒಗರು.

ನೋಡುವುದಕ್ಕೆ ಮೊದಲು ಮೂಸಿ. ಹಾರಿ ಹೋಗುವ ಘಮ ಮೊದಲ ಅರ್ಧ ನಿಮಿಷದಲ್ಲೇ ಹೆಚ್ಚು. ಲೋಟವನ್ನು ಮೂಗಿನಿಂದ ಒಂದು ಗೇಣು ದೂರದಲ್ಲಿ ಒಮ್ಮೆ ಹಾಯಿಸಿ. ಅಷ್ಟು ದೂರಕ್ಕೇ ಮಸಾಲೆ ರಾಚಿದರೆ ಅದು ಒಳ್ಳೆಯ ಸೂಚನೆಯಲ್ಲ. ಹತ್ತಿರ ತಂದು ಎರಡು ಮೂರು ಚಿಕ್ಕ ಉಸಿರು, ಆಮೇಲೆ ಒಂದು ಉದ್ದ ಉಸಿರು. ಲೋಟದ ಬಾಯಿಯನ್ನು ಅಂಗೈಯಿಂದ ಮುಚ್ಚಿ ಐದು ಸೆಕೆಂಡು ಅದನ್ನು ತಿರುಗಿಸಿ, ಕೈ ತೆಗೆದು ಮತ್ತೆ ಮೂಸಿ. ಬಂದ ಮೊದಲ ಪದವನ್ನು ತಕ್ಷಣ ಬರೆಯಿರಿ. ಎರಡು ಮೂರು ಉಸಿರಿಗೆ ಮೂಗು ಆ ವಾಸನೆಗೆ ಒಗ್ಗಿ ಹೋಗಿ ಸುಮ್ಮನಾಗುತ್ತದೆ. ಹಾಗಾದಾಗ ನಿಮ್ಮ ಮುಂಗೈಯನ್ನೇ ಮೂಸಿ, ಮೂಗು ಸರಿಯಾಗುತ್ತದೆ. ಕಾಫಿ ಬೀಜ ಮೂಸುವ ಪದ್ಧತಿ ಇಲ್ಲಿ ಬೇಡ, ಅದು ಇನ್ನೊಂದು ಘಾಟು ಸೇರಿಸಿದಂತೆ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಮ್ರದಿಂದ ಕಂದಿನವರೆಗೆ ಯಾವುದಾದರೂ ಸರಿ, ತುಸು ಮಸುಕೂ ಸರಿ. ನೊರೆ ಬೇಗ ಇಳಿದರೆ ಕೂಡಲೇ ಅಂಕ ಕಳೆಯಬೇಡಿ. ಮಸಾಲೆಯ ಎಣ್ಣೆಗೂ ನೊರೆಗೂ ಆಗಿಬರುವುದಿಲ್ಲ.

ಈಗ ಗುಟುಕು. ಮೊದಲನೆಯದು ಬಾಯಿ ತೊಳೆಯಲು, ಅದಕ್ಕೆ ಲೆಕ್ಕವಿಲ್ಲ. ಎರಡನೆಯದು ಮೂರು ನಾಲ್ಕು ಚಮಚದಷ್ಟು ತೆಗೆದುಕೊಂಡು ಐದು ಸೆಕೆಂಡು ಬಾಯೆಲ್ಲ ಓಡಾಡಿಸಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಮಸಾಲೆಯ ಹೆಚ್ಚು ಪಾಲು ಸಿಗುವುದು ಈ ಹೊರಹೋಗುವ ಉಸಿರಿನಲ್ಲಿ.

ಮೂರನೆಯ ಗುಟುಕೇ ಈ ಇಡೀ ಕ್ರಮದ ತಿರುಳು. ಎರಡು ಬೆರಳಿನಿಂದ ಮೂಗು ಬಿಗಿಯಾಗಿ ಹಿಡಿದುಕೊಂಡು ಕುಡಿಯಿರಿ, ಹಿಡಿದುಕೊಂಡೇ ನುಂಗಿ. ಚಕ್ಕೆ ಮಾಯ, ಜಾಯಿಕಾಯಿ ಮಾಯ, ವೆನಿಲಾ ಇದ್ದರೆ ಅದೂ ಮಾಯ. ಅವೆಲ್ಲ ಮೂಗಿನ ಸರಕು. ನಾಲಿಗೆಯ ಮೇಲೆ ಉಳಿಯುವುದು ಸಿಹಿ, ಕಹಿ, ಹುಳಿ, ಒಗರು, ಗ್ಯಾಸಿನ ಚುಚ್ಚು, ಬಾಯಿ ತುಂಬುವ ಗುಣ. ಅಂದರೆ ಬಿಯರಿನ ಅಸ್ಥಿಪಂಜರ. ಹೀಗೆ ಕುಡಿದಾಗ ನೀರಿನ ಹಾಗೆ ತೆಳ್ಳಗೆ, ಅಂಟಂಟು ಸಿಹಿ ಮಾತ್ರ ಉಳಿದರೆ ಈ ಬಿಯರ್ ಮಸಾಲೆಯ ಬಲದ ಮೇಲೇ ನಿಂತಿದೆ. ಮಾಲ್ಟಿನ ಸಿಹಿ ಮೊದಲು ಬಂದು, ಅದನ್ನು ಕಡಿಯುವಷ್ಟು ಕಹಿ ಹಿಂದೆ ಬಂದು, ನುಂಗಿದ ಮೇಲೆ ಬಾಯಿ ತಕ್ಕಮಟ್ಟಿಗೆ ಒಣಗಿದರೆ ಕೆಳಗಿನ ಬಿಯರ್ ಗಟ್ಟಿಯಿದೆ. ಮೂಗು ಬಿಟ್ಟ ಕ್ಷಣ ಮಸಾಲೆಗಳೆಲ್ಲ ಒಮ್ಮೆಲೇ ನುಗ್ಗಿ ಬರುತ್ತವೆ. ಯಾವುದು ಮೊದಲು ಬಂತು ಗಮನಿಸಿ. ಸಾದಾ ಆಂಬರಿನ ಜೊತೆಗೂ ಇದೇ ಪರೀಕ್ಷೆ ಮಾಡಿ ಹೋಲಿಸಿದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟ.

ನುಂಗಿದ ಮೇಲೆ ಮನಸ್ಸಿನಲ್ಲೇ ಮೂವತ್ತು ಎಣಿಸಿ. ಹತ್ತಕ್ಕೆ ಏನಿದೆ, ಮೂವತ್ತಕ್ಕೆ ಏನಿದೆ ಎರಡೂ ಬರೆಯಿರಿ. ಮೂವತ್ತಕ್ಕೂ ಮಾಲ್ಟ್ ಇದ್ದರೆ ಭೇಷ್. ಬರೀ ಮರಗಟ್ಟಿದ ನಾಲಿಗೆ ಇದ್ದರೆ ಲವಂಗ ಹೆಚ್ಚಾಗಿದೆ.

ಎರಡು ಬಿಯರ್ ನಡುವೆ ನೀರು, ಉಪ್ಪಿಲ್ಲದ ಬಿಸ್ಕತ್ತು ಅಥವಾ ಬಿಳಿ ಬ್ರೆಡ್, ಜೊತೆಗೆ ಐದು ನಿಮಿಷ ಬಿಡುವು. ಲವಂಗ ಹೆಚ್ಚಿರುವ ಬಿಯರ್ ಆದ ಮೇಲೆ ಹತ್ತು ನಿಮಿಷ ಬಿಡಿ.

ಕೊನೆಯ ಅರ್ಧ ಲೋಟವನ್ನು ಮುಗಿಸಬೇಡಿ, ಪಕ್ಕಕ್ಕಿಡಿ. ಎಲ್ಲ ಬಿಯರ್ ಆದ ಮೇಲೆ, ಅವು 13-14 ಡಿಗ್ರಿಗೆ ಬಂದಾಗ, ಇನ್ನೊಂದು ಸುತ್ತು ಕುಡಿಯಿರಿ. ಮೊದಲ ಗುಟುಕಿಗೆ ಮನಸೋಲಿಸಿದ ಬಿಯರ್ ಇಲ್ಲಿ ಬೇಜಾರು ತರಿಸುವುದು ತೀರ ಸಾಮಾನ್ಯ. ತೀರ್ಪು ಕೊಡಬೇಕಾದದ್ದು ಈ ಎರಡನೇ ಸುತ್ತಿಗೆ. ಪಂಪ್ಕಿನ್ ಏಲ್‌ಗಳ ಬಗ್ಗೆ ಇರುವ ಹೊಗಳಿಕೆಯಲ್ಲಿ ಬಹುಪಾಲು ಮೊದಲ ಗುಟುಕಿನದ್ದು ಎಂಬುದು ನಮ್ಮ ಗುಮಾನಿ.

ಮಸಾಲೆಯೋ, ದೋಷವೋ

ಇಲ್ಲೇ ಜನ ಹೆಚ್ಚು ತಪ್ಪುವುದು. ಮಸಾಲೆ ದೋಷವನ್ನು ಮುಚ್ಚುತ್ತದೆ, ಕೆಲವೊಮ್ಮೆ ದೋಷವೇ ಮಸಾಲೆಯ ವೇಷ ಹಾಕುತ್ತದೆ.

ಲವಂಗದ ವಾಸನೆ ಎರಡು ಕಡೆಯಿಂದ ಬರಬಹುದು. ಒಂದು ಲವಂಗದಿಂದಲೇ. ಇನ್ನೊಂದು, ಯೀಸ್ಟ್ ತಯಾರಿಸುವ 4-ವಿನೈಲ್ ಗ್ವಾಯಕಾಲ್ ಎಂಬ ಫೀನಾಲಿನಿಂದ. ಜರ್ಮನ್ ಗೋಧಿ ಬಿಯರಿನಲ್ಲಿ ಅದು ಬೇಕಾದದ್ದೇ, ಆಗ ಜೊತೆಗೆ ಬಾಳೆಹಣ್ಣಿನ ವಾಸನೆ ಇರುತ್ತದೆ. ಆದರೆ ಆಂಬರ್ ಅಥವಾ ಕಂದು ಏಲ್‌ನಲ್ಲಿ ಬಂದರೆ ಬೇಡದ ಯೀಸ್ಟ್ ಸೇರಿದೆ ಎಂದು ಅನುಮಾನಿಸಬೇಕು. ಗುರುತು ಇಷ್ಟು: ನಿಜವಾದ ಲವಂಗ ನಾಲಿಗೆಯನ್ನು ಮರಗಟ್ಟಿಸುತ್ತದೆ. ಕಾಡು ಯೀಸ್ಟಿನ ಫೀನಾಲ್ ಮೂಗಿನಲ್ಲೇ ಇರುತ್ತದೆ, ಜೊತೆಗೆ ಹೊಗೆ, ಪ್ಲಾಸ್ಟಿಕ್, ಬ್ಯಾಂಡೇಜ್ ಛಾಯೆ ತರುತ್ತದೆ.

ಪೈನ ಅಂಚಿನ ಬೆಣ್ಣೆ ಬಿಸ್ಕತ್ತಿನ ಘಮ ಈ ಬಿಯರುಗಳಿಗೆ ಭೂಷಣ, ಮಾಲ್ಟ್ ಮತ್ತು ವೆನಿಲಾದಿಂದ ಅದು ಬರುತ್ತದೆ. ಹುದುಗುವಾಗ ಹುಟ್ಟುವ ಡಯಾಸಿಟೈಲ್ ಎಂಬ ಅಂಶದ ವಾಸನೆ ಕೂಡ ಬೆಣ್ಣೆಯೇ, ಆದರೆ ಸಿನಿಮಾ ಪಾಪ್‌ಕಾರ್ನ್‌ನ ಬೆಣ್ಣೆ. ನಾಲಿಗೆಯ ಮೇಲೆ ಜಿಡ್ಡಿನ ಪದರ ಬಿಡುತ್ತದೆ, ಬೆಚ್ಚಗಾದಷ್ಟೂ ಜೋರಾಗುತ್ತದೆ. ನಾಲಿಗೆಯನ್ನು ಅಂಗುಳಿಗೆ ಉಜ್ಜಿ ನೋಡಿ, ಜಾರಿದರೆ ಅದೇ. ಯೀಸ್ಟ್ ಅದನ್ನು ಮತ್ತೆ ತಿಂದು ಮುಗಿಸುವ ಮೊದಲೇ ಬಿಯರನ್ನು ತಣಿಸಿದರೆ ಹೀಗಾಗುತ್ತದೆ. ಟ್ಯಾಪ್‌ನಿಂದ ಬಂದ ಬಿಯರಾದರೆ ಪೈಪು ತೊಳೆಯದಿರುವುದೂ ಕಾರಣವಾಗಬಹುದು.

ಬೇಯಿಸಿದ ಜೋಳದ ವಾಸನೆ ಬಂದಾಗ "ಇದೇ ಕುಂಬಳ" ಎಂದು ಹಿಗ್ಗುವವರಿದ್ದಾರೆ. ಅದು ಡಿಎಂಎಸ್ ಎಂಬ ಗಂಧಕದ ಅಂಶ, ವರ್ಟ್ ಸಾಕಷ್ಟು ಕುದಿಯದ ಅಥವಾ ಬೇಗ ತಣ್ಣಗಾಗದ ಲಕ್ಷಣ. ಹಸಿ ಸೇಬಿನ ವಾಸನೆ ಬಂದರೆ ಅಸಿಟಾಲ್ಡಿಹೈಡ್, ಬಿಯರ್ ಇನ್ನೂ ಎಳಸು. ಆಗಸ್ಟಿಗೇ ಅಂಗಡಿ ಸೇರಬೇಕೆಂಬ ಅವಸರದ ಫಲವೂ ಇರಬಹುದು.

ಬಿಸಿಯ ವಿಷಯದಲ್ಲೂ ಗೊಂದಲ ಸಹಜ. ಶುಂಠಿಯ ಖಾರ ತುಟಿ, ನಾಲಿಗೆಯಲ್ಲಿ. ಆಲ್ಕೋಹಾಲಿನ ಬಿಸಿ ಗಂಟಲು, ಎದೆಯಲ್ಲಿ. ಶೇ 8ರ ಬಿಯರಿನಲ್ಲಿ ಎದೆ ಸ್ವಲ್ಪ ಬೆಚ್ಚಗಾದರೆ ಪರವಾಗಿಲ್ಲ. ಮೂಗಿಗೆ ನೇಲ್ ಪಾಲಿಶ್ ತೆಗೆಯುವ ದ್ರವದ ನೆನಪು ಬಂದರೆ ಹುದುಗು ಅತಿ ಬಿಸಿಯಲ್ಲಿ ನಡೆದಿದೆ.

ಒಗರು ಬಂದರೆ ಚಕ್ಕೆಯ ತೊಗಟೆಯನ್ನು ದೂರಿ. ಅಮೆರಿಕದಲ್ಲಿ ಚಕ್ಕೆ ಹೆಸರಿನಲ್ಲಿ ಮಾರುವುದು ಹೆಚ್ಚಾಗಿ ದಪ್ಪ ತೊಗಟೆಯ ಕ್ಯಾಸಿಯಾ, ಬಿಯರಿನಲ್ಲಿ ದಿನಗಟ್ಟಲೆ ನೆನೆದರೆ ಟ್ಯಾನಿನ್ ಬಿಡುತ್ತದೆ. ಕಹಿ ನಾಲಿಗೆಯ ರುಚಿ, ಒಗರು ಕೆನ್ನೆಯ ಒಳಗನ್ನು ಹಿಡಿಯುತ್ತದೆ. ಇಷ್ಟು ತಿಳಿದರೆ ಹಾಪ್ಸ್ ಮೇಲೆ ಸುಳ್ಳು ಆರೋಪ ಹೊರಿಸುವುದು ತಪ್ಪುತ್ತದೆ.

ಒದ್ದೆ ರಟ್ಟಿನ, ಹಳೆ ಕಾಗದದ ವಾಸನೆಗೆ ಗಾಳಿ ತಾಗಿ ಹಳಸಿರುವುದೇ ಕಾರಣ. ತೆರೆದ ಕೂಡಲೇ ಉಕ್ಕಿ ಹರಿದು, ತೆಳ್ಳಗೆ ಹುಳಿಯಿದ್ದರೆ ಸೋಂಕು. ಹುಳಿ ಬಿಯರ್ ಎಂದು ಲೇಬಲ್ ಹೇಳದಿದ್ದರೆ ಚೆಲ್ಲಿಬಿಡಿ.

ಅಂಕ, ಆಹಾರ, ಸಕ್ಕರೆ ಅಂಚು

ಅಂಕ ಕೊಡುವ ಆಸೆಯಿದ್ದರೆ ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಪಟ್ಟಿ ಬಳಸಿ. ಪಂಪ್ಕಿನ್ ಏಲ್‌ಗಳು ಅಲ್ಲಿ 30ಬಿ, ಶರತ್ಕಾಲದ ಬಿಯರ್ ವಿಭಾಗಕ್ಕೆ ಬರುತ್ತವೆ. 50 ಅಂಕಗಳಲ್ಲಿ ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಮೂಗು ಮುಚ್ಚಿದ ಗುಟುಕಿನ ಟಿಪ್ಪಣಿಯನ್ನು ರುಚಿಯ ಕೆಳಗೆ ಬರೆಯಿರಿ. ಎರಡನೇ ಸುತ್ತಿನ ಟಿಪ್ಪಣಿ ಒಟ್ಟಾರೆ ಅಭಿಪ್ರಾಯಕ್ಕೆ ಸೇರಲಿ.

ಬಾರ್‌ಗಳಲ್ಲಿ ಲೋಟದ ಅಂಚಿಗೆ ಚಕ್ಕೆ ಸಕ್ಕರೆ ಮೆತ್ತಿ ಕೊಡುವುದುಂಟು. ಮೋಜಿಗೆ ಕುಡಿಯುವಾಗ ಅಡ್ಡಿಯಿಲ್ಲ, ರುಚಿ ನೋಡುವಾಗ ಬೇಡವೆಂದು ಹೇಳಿ. ಆಮೇಲೆ ನಾಲಿಗೆಗೆ ಸಕ್ಕರೆ ಬಿಟ್ಟು ಬೇರೇನೂ ತಿಳಿಯದು.

ಜೊತೆಗೆ ತಿನ್ನಲು ಪಂಪ್ಕಿನ್ ಪೈ ಇಡುವುದು ಎಲ್ಲರಿಗೂ ಹೊಳೆಯುವ ಯೋಚನೆ, ತಪ್ಪು ಯೋಚನೆ ಕೂಡ. ಪೈ ಬಿಯರಿಗಿಂತ ಸಿಹಿ, ಅದರ ಪಕ್ಕದಲ್ಲಿ ಬಿಯರ್ ತೆಳ್ಳಗೆ, ಕಹಿಯಾಗಿ ಕಾಣುತ್ತದೆ. ಹಳೆಯ ಚೆಡ್ಡಾರ್ ಚೀಸ್‌ನ ಉಪ್ಪು ಮತ್ತು ತೀಕ್ಷ್ಣತೆ ಇದಕ್ಕೆ ಚೆನ್ನಾಗಿ ಹೊಂದುತ್ತವೆ. ಥ್ಯಾಂಕ್ಸ್‌ಗಿವಿಂಗ್ ಊಟದ ಹುರಿದ ಟರ್ಕಿಗೂ ಶೇ 5-7ರ ಕಂದು ಏಲ್ ಒಳ್ಳೆಯ ಜೋಡಿ. ಅಷ್ಟರ ಹೊತ್ತಿಗೆ, ಅಂದರೆ ನವೆಂಬರಿನ ನಾಲ್ಕನೇ ಗುರುವಾರಕ್ಕೆ, ಆಗಸ್ಟಿನಲ್ಲಿ ಬಂದ ಬಿಯರ್ ನಾಲ್ಕು ತಿಂಗಳು ಸಮೀಪಿಸಿರುತ್ತದೆ ಎನ್ನುವುದು ನೆನಪಿರಲಿ.

ಉಳಿದ ಡಬ್ಬಿಗಳಲ್ಲಿ ಶೇ 7ಕ್ಕಿಂತ ಕಡಿಮೆಯವನ್ನು ಅದೇ ಋತುವಿನಲ್ಲಿ ಮುಗಿಸಿ. ಶೇ 8 ದಾಟಿದ್ದು ಒಂದನ್ನು ಕತ್ತಲೆಯಲ್ಲಿ, 10-12 ಡಿಗ್ರಿಯಲ್ಲಿ, ನೆಟ್ಟಗೆ ನಿಲ್ಲಿಸಿ ಮುಂದಿನ ಶರತ್ಕಾಲದವರೆಗೆ ಇಡಬಹುದು. ಡಬ್ಬಿಯ ಮೇಲೆ ಕೊಂಡ ದಿನ ಬರೆದಿಡಿ, ಟಿಪ್ಪಣಿಯ ಹಾಳೆಯನ್ನು ರಬ್ಬರ್ ಬ್ಯಾಂಡಿನಲ್ಲಿ ಅದಕ್ಕೇ ಸುತ್ತಿಡಿ. ಮುಂದಿನ ವರ್ಷ ಹೊಸ ಡಬ್ಬಿಯ ಪಕ್ಕದಲ್ಲಿ ತೆರೆದು ನೋಡಿದರೆ ಮಸಾಲೆ ಹಿಂದೆ ಸರಿದು ಮಾಲ್ಟ್ ಮುಂದೆ ಬಂದಿರುತ್ತದೆ. ಕೆಳಗೆ ಬಿಯರ್ ಗಟ್ಟಿಯಿದ್ದರೆ ಒಣದ್ರಾಕ್ಷಿ, ಶೆರಿ ವೈನಿನ ಛಾಯೆ. ಇಲ್ಲದಿದ್ದರೆ ಒದ್ದೆ ರಟ್ಟು.